ಎಳೆಯುವ ನಾಯಿಗೆ ಎಂಥ ಬೆಲ್ಟು?

"ಅಣ್ಣಾ, ನಮ್ಮ ಲ್ಯಾಬ್ರಡಾರು ಸಿಕ್ಕಾಪಟ್ಟೆ ಎಳೀತಾನೆ. ಗಟ್ಟಿಯಾಗಿರೋ ಬೆಲ್ಟು ಇದ್ರೆ ಕೊಡಿ." ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಇಂಥ ಬೇಡಿಕೆ ಹೊಸದಲ್ಲ. ಅಂಗಡಿಯಾತ ಗೋಡೆಯ ಮೊಳೆಯಿಂದ ದಪ್ಪನೆಯ ಸ್ಟೀಲ್ ಚೋಕ್ ಚೈನೊಂದನ್ನು ತೆಗೆದು ಕೌಂಟರಿನ ಮೇಲಿಡುತ್ತಾನೆ. ಅದಕ್ಕೂ ಬಗ್ಗದ ನಾಯಿಗೆ ಒಳಮುಖವಾಗಿ ಮುಳ್ಳುಗಳಿರುವ ಕಾಲರ್ ಇದೆ. ಅದೂ ಸಾಲದಿದ್ದರೆ ರಿಮೋಟ್ ಒತ್ತಿದಾಗ ಶಾಕ್ ಹೊಡೆಯುವಂಥದ್ದೂ ಸಿಗುತ್ತದೆ. ಗಿರಾಕಿ ಕೇಳಿದ್ದು ಹರಿದುಹೋಗದ ಬೆಲ್ಟನ್ನು. ಚೀಲದಲ್ಲಿ ಮನೆಗೆ ಹೋಗುವುದು ಮಾತ್ರ ನೋವು ಕೊಡುವ ಬೆಲ್ಟು.

ಅಂಗಡಿಗೆ ಹೋಗುವ ಮೊದಲು ಸಾಕುವವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ನಾಯಿ ಎಳೆದಾಗ ಆ ಬಲವೆಲ್ಲ ಅದರ ಮೈಯ ಯಾವ ಭಾಗದ ಮೇಲೆ ಬೀಳುತ್ತದೆ? ಗಂಟಲ ಮೇಲೋ, ಕತ್ತಿನ ಸುತ್ತಲೋ, ಮೂತಿಯ ಮೇಲೋ, ಎದೆಯ ಮೇಲೋ? ಇದೊಂದು ಸ್ಪಷ್ಟವಾದರೆ ಅಂಗಡಿಯ ಗೋಡೆಯ ಮೇಲಿನ ಅರ್ಧ ಸರಕು ತಾನಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಹಾಗೆಂದು ಸಾಕುವವರ ಕಷ್ಟ ಸುಳ್ಳಲ್ಲ. ಬೆಳೆದ ಗಂಡು ಲ್ಯಾಬ್ರಡಾರ್ 30ರಿಂದ 36 ಕಿಲೋ ತೂಗುತ್ತದೆ. ಜರ್ಮನ್ ಶೆಫರ್ಡ್ 40 ಕಿಲೋ ಮುಟ್ಟುತ್ತದೆ, ಗಂಡು ರಾಟ್‌ವೈಲರ್ 50ರ ಆಸುಪಾಸಿನಲ್ಲಿರುತ್ತದೆ, ಗ್ರೇಟ್ ಡೇನ್ ಅದಕ್ಕೂ ಮೇಲೆ. ನಾಲ್ಕೂ ಕಾಲೂರಿ ನೆಲಕ್ಕೆ ಹತ್ತಿರವಾಗಿ ನಿಂತ ಪ್ರಾಣಿ ಒಮ್ಮೆಗೇ ಜಗ್ಗಿದರೆ, ಎರಡು ಕಾಲಿನ ಮೇಲೆ ತೂಗಾಡುವ ಮನುಷ್ಯ ಮುಗ್ಗರಿಸುವುದರಲ್ಲಿ ಆಶ್ಚರ್ಯವೇನಿದೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2001ರಿಂದ 2020ರವರೆಗೆ ಆ ದೇಶದಲ್ಲಿ ಲೀಶ್ ಹಿಡಿದು ನಾಯಿ ನಡೆಸುವಾಗ ಗಾಯಗೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ವಯಸ್ಕರು 4,22,000ಕ್ಕೂ ಹೆಚ್ಚು. ಅವರಲ್ಲಿ ಅತಿ ಸಾಮಾನ್ಯವಾಗಿ ಕಂಡ ಮೂರು ಗಾಯಗಳೆಂದರೆ ಬೆರಳಿನ ಮೂಳೆ ಮುರಿತ, ಮಿದುಳಿಗೆ ಪೆಟ್ಟು ಮತ್ತು ಭುಜದ ಉಳುಕು. ಲೀಶನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಹೊರಡುವವರನ್ನು ಕಂಡವರಿಗೆ ಬೆರಳು ಮುರಿಯುವ ಬಗೆಯನ್ನು ವಿವರಿಸಬೇಕಾಗಿಲ್ಲ.

ನಾಯಿ ಹಟಕ್ಕೆ ಎಳೆಯುತ್ತದೆ, ಯಜಮಾನನಾಗಲು ಎಳೆಯುತ್ತದೆ ಎಂಬ ಮಾತು ಬೀದಿಬೀದಿಯಲ್ಲೂ ಕೇಳಿಬರುತ್ತದೆ. ನಿಜವಾದ ಕಾರಣ ಅಷ್ಟು ದೊಡ್ಡದಲ್ಲ. ನಾಯಿಯ ಸಹಜ ನಡಿಗೆ ಮನುಷ್ಯನದಕ್ಕಿಂತ ವೇಗ. ಮೂಲೆಯ ಕಂಬದ ವಾಸನೆ ಅದನ್ನು ಕರೆಯುತ್ತದೆ, ಅದು ಎಳೆಯುತ್ತದೆ, ಹಿಂದಿರುವವರು ಎರಡು ಹೆಜ್ಜೆ ಓಡಿ ಬರುತ್ತಾರೆ, ಕಂಬ ಸಿಗುತ್ತದೆ. ಎಳೆದರೆ ಬೇಕಾದದ್ದು ಸಿಗುತ್ತದೆ ಎಂಬ ಪಾಠ ದಿನಕ್ಕೆ ಹತ್ತಾರು ಸಲ ನಡೆಯುತ್ತಿರುತ್ತದೆ. ಕೆಲವು ತಳಿಗಳಲ್ಲಂತೂ ಎಳೆಯುವುದು ವಂಶದ ಕಸುಬು. ನೈರುತ್ಯ ಜರ್ಮನಿಯ ರಾಟ್‌ವೈಲ್ ಪಟ್ಟಣದ ಮಾಂಸದ ವ್ಯಾಪಾರಿಗಳು ದನ ಅಟ್ಟಿಸಿಕೊಂಡು ಬರಲು, ಮಾಂಸದ ಗಾಡಿ ಎಳೆಸಲು ಸಾಕಿದ ನಾಯಿಯೇ ರಾಟ್‌ವೈಲರ್. ಹಸ್ಕಿ ಹಿಮದ ಮೇಲೆ ಜಾರುಗಾಡಿ ಎಳೆಯಲು ಹುಟ್ಟಿದ್ದು. ಅದನ್ನು ತಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿಟ್ಟು, ಬೆಳಿಗ್ಗೆ ಇಪ್ಪತ್ತು ನಿಮಿಷ ಹೊರಗೆ ಕರೆದೊಯ್ದು, ಎಳೆಯಬೇಡ ಎನ್ನುವುದರಲ್ಲಿ ನ್ಯಾಯ ಎಷ್ಟಿದೆ ಎಂಬುದು ಬೇರೆಯೇ ಚರ್ಚೆ.

ಕತ್ತಿನೊಳಗೆ ಏನಿದೆ

ನಾಯಿಯ ಕತ್ತು ಬಲವಾದ ಸ್ನಾಯುಗಳ ಕಂಬ, ಅದಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಇದೆ. ಸ್ನಾಯು ಗಟ್ಟಿಯಾಗಿರುವುದು ಕತ್ತಿನ ಮೇಲ್ಭಾಗ ಮತ್ತು ಪಕ್ಕಗಳಲ್ಲಿ. ಬೆಲ್ಟಿನ ಒತ್ತಡ ನೇರವಾಗಿ ಬೀಳುವುದು ಕೆಳಗೆ, ಗಂಟಲ ಮೇಲೆ. ಅಲ್ಲಿ ಧ್ವನಿಪೆಟ್ಟಿಗೆ, ಶ್ವಾಸನಾಳ, ಅನ್ನನಾಳ, ಥೈರಾಯ್ಡ್ ಗ್ರಂಥಿ ಮತ್ತು ತಲೆಗೆ ಹೋಗಿಬರುವ ರಕ್ತನಾಳಗಳು ಚರ್ಮದಿಂದ ಬಹಳ ಆಳದಲ್ಲೇನೂ ಇಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಒತ್ತಡವನ್ನೇ ಅಳೆಯಲು ಹೊರಟರು. ಜೀವಂತ ನಾಯಿಯ ಬದಲು ಕತ್ತಿನ ಮಾದರಿಯೊಂದನ್ನು ಮಾಡಿ, ಅದಕ್ಕೆ ಏಳು ಬಗೆಯ ಕಾಲರ್‌ಗಳನ್ನೂ ಒಂದು ಜಾರುಕುಣಿಕೆಯ ಹಗ್ಗವನ್ನೂ ಸರದಿಯಲ್ಲಿ ಹಾಕಿ ಎಳೆದು ನೋಡಿದರು. ಸಾಧಾರಣ ಎಳೆತಕ್ಕೆ 40 ನ್ಯೂಟನ್, ಜೋರಾದ ಎಳೆತಕ್ಕೆ 70, ಒಮ್ಮೆಗೇ ಜಗ್ಗಿದ್ದಕ್ಕೆ 141 ನ್ಯೂಟನ್ ಬಲ. ಕಡೆಯದು ಹೆಚ್ಚುಕಡಿಮೆ 14 ಕಿಲೋ ತೂಕವನ್ನು ಕತ್ತಿಗೆ ನೇತುಹಾಕಿದಷ್ಟು. 2020ರಲ್ಲಿ ಫಲಿತಾಂಶ ಪ್ರಕಟವಾದಾಗ ಅದರಲ್ಲಿದ್ದ ಮುಖ್ಯ ಮಾತು ಇದು: ಎಳೆಯುವ ನಾಯಿಗೆ ಪೆಟ್ಟಾಗುವ ಅಪಾಯವೇ ಇಲ್ಲ ಎನ್ನುವಷ್ಟು ಕಡಿಮೆ ಒತ್ತಡ ಹಾಕುವ ಕಾಲರ್ ಅವುಗಳಲ್ಲಿ ಒಂದೂ ಇರಲಿಲ್ಲ. ಮೆತ್ತನೆಯ ಪ್ಯಾಡ್ ಹೊಲಿದಿದ್ದ, ಅಗಲವಾಗಿದ್ದ, "ಆರಾಮದಾಯಕ" ಎಂಬ ಹೆಸರಿನಲ್ಲಿ ಮಾರಾಟವಾಗುವ ಬಗೆಗೂ ಆ ಮಾತು ಅನ್ವಯಿಸುತ್ತಿತ್ತು.

ಅದಕ್ಕೂ ಮೊದಲು, 2006ರಲ್ಲಿ, ಅಮೆರಿಕದ ಪಶುವೈದ್ಯರು 26 ನಾಯಿಗಳ ಕಣ್ಣಿನೊಳಗಿನ ಒತ್ತಡವನ್ನು ಅಳೆದಿದ್ದರು. ನಾಯಿ ಕಾಲರ್ ಹಾಕಿಕೊಂಡು ಎಳೆದಾಗ ಕಣ್ಣಿನ ಒತ್ತಡ ಗಣನೀಯವಾಗಿ ಏರಿತು, ಕತ್ತಿನ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಿಕೊಂಡು ಎಳೆದಾಗ ಏರಲಿಲ್ಲ. ಗ್ಲಾಕೋಮಾ ಅಥವಾ ಕಾರ್ನಿಯಾದ ತೊಂದರೆ ಇರುವ ನಾಯಿಗೆ ಇದು ಸಣ್ಣ ವಿಷಯವಲ್ಲ. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯ ಸ್ನಾಯುಗಳು ಸೋತು ಉಸಿರಾಟ ಗೊರಗೊರ ಎನ್ನುವ ಕಾಯಿಲೆಯೂ ಕಾಣಿಸಿಕೊಳ್ಳುತ್ತದೆ. ಅಂಥ ನಾಯಿಯ ಕತ್ತಿಗೆ ಲೀಶ್ ಸಿಕ್ಕಿಸಲೇಬಾರದು. ಎಳೆದಾಗ ಕೆಮ್ಮುವ ನಾಯಿಯನ್ನು ಬೆಲ್ಟು ಬದಲಿಸುವ ಮೊದಲು ಪಶುವೈದ್ಯರಿಗೆ ತೋರಿಸುವುದು ಜಾಣತನ.

ಹಾಗಾದರೆ ಸಾದಾ ಬೆಲ್ಟು ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ಹೆಸರು, ಫೋನ್ ನಂಬರ್, ರೇಬಿಸ್ ಲಸಿಕೆಯ ಬಿಲ್ಲೆ ತೂಗುಹಾಕಲು, ತುರ್ತಿನಲ್ಲಿ ಹಿಡಿದುಕೊಳ್ಳಲು ಅದು ಕತ್ತಿನಲ್ಲಿರಬೇಕು. ದೊಡ್ಡ ನಾಯಿಗೆ ಕನಿಷ್ಠ ಒಂದು ಅಂಗುಲ, ಭಾರಿ ನಾಯಿಗೆ ಒಂದೂವರೆ ಅಂಗುಲ ಅಗಲ, ಲೋಹದ ಬಕಲ್. ಬೆಲ್ಟು ಮತ್ತು ಕತ್ತಿನ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಚರ್ಮದ ಬೆಲ್ಟು ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅದಕ್ಕೆ ಆಷಾಢ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ನೈಲಾನ್ ಬೂಸ್ಟು ಹಿಡಿಯದಿದ್ದರೂ ನೆನೆದ ಮೇಲೆ ಬೇಗ ಒಣಗದೆ ಕೆಳಗಿನ ಚರ್ಮವನ್ನು ಹುಣ್ಣು ಮಾಡುತ್ತದೆ, ಉಣ್ಣೆಗಳಿಗೂ ಅಡಗುತಾಣವಾಗುತ್ತದೆ. ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ ಬಿಚ್ಚಿ, ಕತ್ತು ಒರೆಸಿ, ಬೆಲ್ಟನ್ನು ಗಾಳಿಗೆ ಹಾಕುವುದೇ ಇದಕ್ಕೆ ಮದ್ದು.

ಮುಧೋಳ ನಾಯಿಯ ತಲೆ

ಕರ್ನಾಟಕದ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಮಸ್ಯೆಯೊಂದು ಬಾಗಲಕೋಟೆ ಜಿಲ್ಲೆಯ ಹೆಮ್ಮೆಯ ತಳಿಯದ್ದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದು, 2016ರಲ್ಲಿ ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದ ಮುಧೋಳ ನಾಯಿಯನ್ನು ಈಗ ನಗರಗಳಲ್ಲೂ ಸಾಕುತ್ತಾರೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಗಂಡು ಸುಮಾರು 70 ಸೆಂ.ಮೀ. ಎತ್ತರ, ತೂಕ ಮಾತ್ರ 25 ಕಿಲೋ ಆಚೀಚೆ. ತೂಕದಲ್ಲಿ ಲ್ಯಾಬ್ರಡಾರಿಗಿಂತ ಹಗುರವಾದರೂ ಮೊಲ ಕಂಡ ಕ್ಷಣದಲ್ಲಿ ಅದರ ಜಿಗಿತವನ್ನು ಹಿಡಿದು ನಿಲ್ಲಿಸುವುದು ಸುಲಭವಲ್ಲ.

ತೊಡಕಿರುವುದು ಅದರ ತಲೆಯಲ್ಲಿ. ಗ್ರೇಹೌಂಡ್, ಸಲೂಕಿಗಳಂತೆ ಮುಧೋಳಕ್ಕೂ ಉದ್ದ ಕತ್ತು, ಕಿರಿದಾದ ತಲೆ. ಎರಡು ಬೆರಳಿನ ಲೆಕ್ಕದಲ್ಲಿ ಹಾಕಿದ ಸಾದಾ ಬೆಲ್ಟು, ನಾಯಿ ಹೆದರಿ ಹಿಂದಕ್ಕೆ ಸರಿದಾಗ ಕಿವಿಗಳ ಮೇಲಿಂದ ಜಾರಿ ಕೈಗೆ ಬರುತ್ತದೆ. ದೀಪಾವಳಿಯ ಪಟಾಕಿ ಸದ್ದಿಗೆ ಬೆಲ್ಟು ಕಳಚಿಕೊಂಡು ಓಡಿಹೋಗುವ ಅಪಾಯ ಇಂಥ ನಾಯಿಗಳಿಗೆ ಉಳಿದವಕ್ಕಿಂತ ಹೆಚ್ಚು. ಜಾರದಿರಲೆಂದು ಬಿಗಿದರೆ ಉಸಿರು ಕಟ್ಟುತ್ತದೆ.

ಇದಕ್ಕಾಗಿಯೇ ಇರುವುದು ಮಾರ್ಟಿಂಗೇಲ್ ಕಾಲರ್. ಒಂದು ದೊಡ್ಡ ಪಟ್ಟಿ ಕತ್ತಿನ ಸುತ್ತ ಸಡಿಲವಾಗಿ ಕೂರುತ್ತದೆ, ಅದರ ಎರಡು ತುದಿಯ ಬಳೆಗಳ ಮೂಲಕ ಒಂದು ಚಿಕ್ಕ ಕುಣಿಕೆ ಹಾದುಹೋಗುತ್ತದೆ, ಲೀಶ್ ಸಿಕ್ಕಿಸುವುದು ಆ ಚಿಕ್ಕ ಕುಣಿಕೆಗೆ. ನಾಯಿ ಎಳೆದಾಗ ಪಟ್ಟಿ ಒಂದಿಷ್ಟು ಬಿಗಿಯುತ್ತದೆ, ಒಂದು ಮಿತಿಗೆ ಬಂದು ನಿಲ್ಲುತ್ತದೆ. ಚೋಕ್ ಚೈನಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಮಿತಿ. ಪೂರ್ತಿ ಬಿಗಿದಾಗಲೂ ಎರಡು ಬಳೆಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಪಟ್ಟಿ ಸಡಿಲ, ತಲೆ ಜಾರುತ್ತದೆ. ಮುಧೋಳದಂಥ ಕತ್ತಿಗೆ ಒಂದೂವರೆಯಿಂದ ಎರಡು ಅಂಗುಲ ಅಗಲದ ಬಟ್ಟೆಯ ಮಾರ್ಟಿಂಗೇಲ್ ಸೂಕ್ತ. ಕುಣಿಕೆ ಎಲ್ಲಾದರೂ ಸಿಕ್ಕಿಕೊಂಡರೆ ಬಿಗಿಯುವುದರಿಂದ ಮನೆಯಲ್ಲಿ, ಅಂಗಳದಲ್ಲಿ ಬಿಡುವಾಗ ಅದನ್ನು ತೆಗೆಯಬೇಕು. ನೆನಪಿಡಬೇಕಾದದ್ದು, ಮಾರ್ಟಿಂಗೇಲ್ ತಪ್ಪಿಸಿಕೊಳ್ಳುವುದಕ್ಕೆ ತಡೆ. ಎಳೆಯುವುದಕ್ಕೆ ಅದರಲ್ಲಿ ಮದ್ದಿಲ್ಲ.

ನೋವಿನ ಸಾಲು

ಚೋಕ್ ಚೈನಿನ ಹಿಂದೆ ಒಂದು ಶತಮಾನದ ಪರಂಪರೆ ಇದೆ. ಜರ್ಮನಿಯ ಪೊಲೀಸ್ ಮತ್ತು ಸೇನಾ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪುಸ್ತಕ ಆ ಬಗೆಯ ತರಬೇತಿಗೆ ತಳಹದಿ ಹಾಕಿತು. ಅಮೆರಿಕದಲ್ಲಿ ಸೇನೆಗೂ ಡಿಸ್ನಿ ಸಿನಿಮಾಗಳಿಗೂ ನಾಯಿಗಳನ್ನು ಪಳಗಿಸಿದ ವಿಲಿಯಂ ಕೋಹ್ಲರ್ 1962ರಲ್ಲಿ ತಂದ ಪುಸ್ತಕ ಅದನ್ನು ಮನೆಮನೆಗೆ ಮುಟ್ಟಿಸಿತು. ತಪ್ಪಿದಾಗ ಸರಪಳಿಯನ್ನು ಜಗ್ಗು, ತಕ್ಷಣ ಸಡಿಲಿಸು ಎಂಬುದು ಸೂತ್ರ. ಇಂದಿಗೂ ನಮ್ಮಲ್ಲಿ ಗಂಟೆ ಲೆಕ್ಕದಲ್ಲಿ ಮನೆಗೆ ಬರುವ ಎಷ್ಟೋ ತರಬೇತುದಾರರ ಕೈಯಲ್ಲಿರುವುದು ಇದೇ ಚೈನು, ಇದೇ ಸೂತ್ರ. ಸಮಯ ಸರಿಯಾಗಿ ಗೊತ್ತಿರುವ ಕೈಗಳು ಕಡಿಮೆ. ಸಾಮಾನ್ಯವಾಗಿ ಆಗುವುದೇನೆಂದರೆ, ಚೈನು ಬಿಗಿದೇ ಇರುತ್ತದೆ, ನಾಯಿ ಗೊರಗುಡುತ್ತಾ ಎಳೆಯುತ್ತಲೇ ಇರುತ್ತದೆ. ಮಿತಿಯಿಲ್ಲದೆ ಬಿಗಿಯುವ ಉಪಕರಣವನ್ನು 40 ಕಿಲೋ ನಾಯಿಯ ಗಂಟಲಿಗೆ ಹಾಕುವುದಕ್ಕೆ ಈಗ ಯಾವ ಸಮರ್ಥನೆಯೂ ಉಳಿದಿಲ್ಲ.

ಮುಳ್ಳಿನ ಕಾಲರ್, ಅಂದರೆ ಪ್ರಾಂಗ್ ಕಾಲರ್, ಬೆಂಬಲಿಗರ ವಾದವನ್ನು ಕೇಳದೆ ತಳ್ಳಿಹಾಕುವಂಥದ್ದಲ್ಲ. ಒತ್ತಡ ಒಂದೇ ಕಡೆ ಬೀಳದೆ ಕತ್ತಿನ ಸುತ್ತ ಹರಡುತ್ತದೆ, ಮುಳ್ಳಿನ ತುದಿ ಮೊಂಡು, ಚೋಕ್ ಚೈನಿಗಿಂತ ಇದು ಲೇಸು ಎನ್ನುತ್ತಾರೆ. ಕಡೆಯ ಮಾತು ನಿಜವಿದ್ದರೂ ಇರಬಹುದು. ಆದರೆ ಅದು ಕೆಲಸ ಮಾಡುವುದು ಚುಚ್ಚುವುದರಿಂದಲೇ, ಚುಚ್ಚದಿದ್ದರೆ ನಾಯಿ ನಿಲ್ಲುವುದಿಲ್ಲ. ರಸ್ತೆಯಾಚೆಯ ನಾಯಿಯನ್ನು ನೋಡಿ ಎಳೆದಾಗಲೆಲ್ಲ ಕತ್ತಿಗೆ ಚುಚ್ಚಿದರೆ, ಆ ನೋವಿಗೆ ಕಾರಣ ಎದುರಿನ ನಾಯಿಯೇ ಎಂದು ಇದು ತಿಳಿಯುವ ಸಾಧ್ಯತೆ ಇದೆ. ಎಳೆಯುವ ಚಟಕ್ಕೆ ಮದ್ದು ಮಾಡಲು ಹೋಗಿ ಮೇಲೆರಗುವ ಚಟ ಗಂಟುಬೀಳುತ್ತದೆ. ಈ ಕಾಲರ್‌ಗಳಿಗೆ ಜಗತ್ತಿನಲ್ಲೇ ಹೆಸರಾದ ಹೆರ್ಮ್ ಸ್ಪ್ರೆಂಗರ್ ಕಂಪನಿ ಇರುವುದು ಜರ್ಮನಿಯ ಇಸರ್‌ಲೋನ್‌ನಲ್ಲಿ. ಅದೇ ಜರ್ಮನಿಯಲ್ಲಿ 2022ರ ಜನವರಿ 1ರಿಂದ ತರಬೇತಿಯಲ್ಲಿ ಮುಳ್ಳಿನ ಕಾಲರ್ ಬಳಸುವಂತಿಲ್ಲ. ಅಂದಹಾಗೆ ಹಿಮಾಲಯದ ಕುರಿಗಾಹಿಗಳ ನಾಯಿಗಳೂ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕಿಕೊಳ್ಳುತ್ತವೆ. ಅಲ್ಲಿ ಮುಳ್ಳು ಹೊರಕ್ಕೆ ಚಾಚಿರುತ್ತದೆ, ಕತ್ತಿಗೆ ಬಾಯಿ ಹಾಕುವ ಚಿರತೆಗೆ ಚುಚ್ಚಲೆಂದು.

ಶಾಕ್ ಕಾಲರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯ 63 ನಾಯಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಡಿ ಕೊಟ್ಟು ಕಲಿಸಿದ್ದಕ್ಕಿಂತ ಶಾಕ್ ಕೊಟ್ಟು ಕಲಿಸಿದ್ದು ಹೆಚ್ಚು ಫಲ ಕೊಟ್ಟಿದ್ದು ಕಂಡುಬರಲಿಲ್ಲ. ಲೀಶ್ ಎಳೆಯುವಂಥ ದಿನನಿತ್ಯದ ತೊಂದರೆಗೆ ಅದನ್ನು ಕೊಳ್ಳುವುದು ದುಡ್ಡು ದಂಡ, ನಾಯಿಗೂ ಹಿಂಸೆ.

ಹೆಗಲು ಮತ್ತು ಮೂಗು

ಎತ್ತಿನ ಗಾಡಿ ಕಂಡವರಿಗೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ. ಭಾರ ಎಳೆಯಲು ನೊಗ ಇಡುವುದು ಹೆಗಲ ಬಳಿ, ದಿಕ್ಕು ತಿರುಗಿಸಲು ಹಗ್ಗ ಕಟ್ಟುವುದು ಮೂಗಿಗೆ. ನಾಯಿಯ ವಿಷಯದಲ್ಲಿ ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಕತ್ತಿಗೆ ನೋವಾಗದಿರಲೆಂದು ಹಾರ್ನೆಸ್ ತರುತ್ತಾರೆ, ಲೀಶನ್ನು ಬೆನ್ನಿನ ಮೇಲಿನ ಬಳೆಗೆ ಸಿಕ್ಕಿಸುತ್ತಾರೆ. ಜಾರುಗಾಡಿಯ ನಾಯಿಗಳಿಗೆ ಹಾಕುವುದೂ ಹೆಚ್ಚುಕಡಿಮೆ ಇಂಥದ್ದನ್ನೇ, ಎದೆಯ ಬಲವನ್ನೆಲ್ಲ ಹಾಕಿ ನೋವಿಲ್ಲದೆ ಎಳೆಯಲಿ ಎಂದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ಆಶ್ರಯತಾಣದ 52 ನಾಯಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದೂ ಇದನ್ನೇ: ತಿಂಡಿ, ಆಟಿಕೆಗಳ ಆಸೆ ತೋರಿಸಿದಾಗ ನಾಯಿಗಳು ಕಾಲರಿಗಿಂತ ಬೆನ್ನಿನ ಬಳೆಯ ಹಾರ್ನೆಸ್‌ನಲ್ಲಿ ಜೋರಾಗಿ ಎಳೆದವು. ಗಂಟಲು ಉಳಿಯಿತು, ಹಿಡಿದವರ ಭುಜ ಉಳಿಯಲಿಲ್ಲ.

ಆದ್ದರಿಂದ ಹಾರ್ನೆಸ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಎದೆಯ ಮುಂಭಾಗದಲ್ಲಿ ಇನ್ನೊಂದು ಲೋಹದ ಬಳೆ ಇದೆಯೇ ಎಂಬುದನ್ನು. ಲೀಶನ್ನು ಅಲ್ಲಿ ಸಿಕ್ಕಿಸಿದರೆ, ನಾಯಿ ಮುಂದಕ್ಕೆ ನುಗ್ಗಿದಾಗ ಅದರ ಮೈ ಪಕ್ಕಕ್ಕೆ, ಹಿಡಿದವರ ಕಡೆಗೆ ತಿರುಗುತ್ತದೆ. ಬಲ ಬಲವನ್ನು ಎದುರಿಸುವುದಿಲ್ಲ, ನುಗ್ಗುವ ದಿಕ್ಕೇ ತಪ್ಪುತ್ತದೆ. ಮೊದಲ ದಿನವೇ ವ್ಯತ್ಯಾಸ ಗೊತ್ತಾಗುವಂಥ ಉಪಕರಣ ಇದು. ಬಹುಪಾಲು ಲ್ಯಾಬ್ರಡಾರ್, ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳ ಮನೆಗೆ ಇದೇ ಮೊದಲ ಆಯ್ಕೆಯಾಗಬೇಕು.

ಅಳತೆ ತಪ್ಪಿದರೆ ಇದೂ ಕೆಡುತ್ತದೆ. ಎದೆಗೆ ಅಡ್ಡಲಾಗಿ ಬರುವ ಪಟ್ಟಿ ಎದೆಮೂಳೆಯ ಮಟ್ಟದಲ್ಲಿರಬೇಕು. ಮೇಲೇರಿದರೆ ಮತ್ತೆ ಗಂಟಲು, ಕೆಳಗಿಳಿದರೆ ಮುಂಗಾಲಿಗೆ ಅಡ್ಡ. ಕಂಕುಳ ಬಳಿ ಎರಡು ಬೆರಳಿನಷ್ಟು ಜಾಗ ಬಿಡದಿದ್ದರೆ ವಾರದೊಳಗೆ ಅಲ್ಲಿನ ಕೂದಲು ಸವೆದು ಚರ್ಮ ಕೆಂಪಾಗುತ್ತದೆ. ಭುಜಕ್ಕೆ ಅಡ್ಡ ಬಾರದ, ಇಂಗ್ಲಿಷಿನ ವೈ ಅಕ್ಷರದ ಆಕಾರದ ಹಾರ್ನೆಸ್ ಮಾತ್ರ ಒಳ್ಳೆಯದು ಎಂದು ಮಾರುವವರು ಆಣೆ ಮಾಡಿ ಹೇಳುತ್ತಾರೆ. 2019ರಲ್ಲಿ ಬ್ರಿಟನ್ನಿನಲ್ಲಿ ಒಂಬತ್ತು ನಾಯಿಗಳನ್ನು ನಡೆಸಿ ನೋಡಿದ ಅಧ್ಯಯನದಲ್ಲಿ ಭುಜಕ್ಕೆ ಅಡ್ಡ ಬರುವ, ಬಾರದ ಎರಡೂ ಬಗೆಯವು ಭುಜದ ಚಾಚುವಿಕೆಯನ್ನು ಕೆಲವು ಡಿಗ್ರಿಗಳಷ್ಟು ತಗ್ಗಿಸಿದವು. ಭುಜಕ್ಕೆ ಅಡ್ಡಿಯಿಲ್ಲ ಎಂದು ಹೆಸರಾದ ಬಗೆಯೇ ಸ್ವಲ್ಪ ಹೆಚ್ಚು ತಗ್ಗಿಸಿತ್ತು. ಒಂಬತ್ತು ನಾಯಿಗಳಿಂದ ಕಡೆಯ ತೀರ್ಪು ಕೊಡಲಾಗದು. ಆದರೂ ಡಬ್ಬಿಯ ಮೇಲಿನ ಬರಹಕ್ಕಿಂತ ನಾಯಿ ನಡೆಯುವುದನ್ನು ನೋಡಿ ಆರಿಸುವುದೇ ಸರಿ. ಹಾರ್ನೆಸ್ ಹಾಕಿಸಿ ಅಂಗಡಿಯೆದುರು ಹತ್ತು ಹೆಜ್ಜೆ ನಡೆಸಲು ಬಿಡದ ಅಂಗಡಿಯಲ್ಲಿ ಕೊಳ್ಳದಿರುವುದು ಲೇಸು. ಕಿರಿದಾದ ಮೈಯ ಮುಧೋಳ ನಾಯಿ ಹಾರ್ನೆಸಿನಿಂದಲೂ ಹಿಂದಕ್ಕೆ ನುಸುಳಿಕೊಳ್ಳಬಲ್ಲದು. ಅದಕ್ಕೆ ಹೊಟ್ಟೆಯ ಬಳಿ ಇನ್ನೊಂದು ಪಟ್ಟಿ ಇರುವಂಥದ್ದನ್ನೇ ಹುಡುಕಬೇಕು.

ಇನ್ನು ಮೂತಿಪಟ್ಟಿ, ಅಂದರೆ ಹೆಡ್ ಹಾಲ್ಟರ್. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪಶುವೈದ್ಯ ಆರ್.ಕೆ. ಆಂಡರ್ಸನ್ ಮತ್ತು ತರಬೇತುದಾರ್ತಿ ರೂತ್ ಫಾಸ್ಟರ್ ರೂಪಿಸಿದ ಜೆಂಟಲ್ ಲೀಡರ್, ಬ್ರಿಟನ್ನಿನ ಪ್ರಾಣಿ ಮನಶ್ಶಾಸ್ತ್ರಜ್ಞ ರೋಜರ್ ಮಗ್‌ಫರ್ಡ್ ರೂಪಿಸಿದ ಹಾಲ್ಟಿ ಇವುಗಳಲ್ಲಿ ಹೆಸರಾದವು. ಒಂದು ಪಟ್ಟಿ ಕಿವಿಯ ಹಿಂದೆ, ಇನ್ನೊಂದು ಮೂತಿಯ ಸುತ್ತ, ಲೀಶ್ ಗಲ್ಲದ ಕೆಳಗೆ. ತಲೆ ಎತ್ತ ತಿರುಗುತ್ತದೋ ಮೈ ಅತ್ತ ಹೋಗಲೇಬೇಕು. ಮೂಗುದಾರದಂತೆ ಇದು ಎಲ್ಲೂ ಚುಚ್ಚುವುದಿಲ್ಲ, ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು, ಕಚ್ಚಲೂಬಹುದು. 60 ಕಿಲೋ ಗ್ರೇಟ್ ಡೇನನ್ನು 50 ಕಿಲೋ ತೂಕದವರು ನಡೆಸಬೇಕಾದ ಮನೆಗೆ, ಬೆನ್ನುನೋವಿರುವ ಹಿರಿಯರಿಗೆ ಇದರಷ್ಟು ಸಹಾಯ ಮಾಡುವ ಸಾಧನ ಬೇರೊಂದಿಲ್ಲ. ಎದುರು ಬರುವವರು ಅದನ್ನು ಕಚ್ಚದಂತೆ ಹಾಕುವ ಬಾಯಿಕುಕ್ಕೆ ಎಂದು ತಿಳಿದು ದೂರ ಸರಿಯುತ್ತಾರೆ. ಕೆಲವರಿಗೆ ಇದು ಮುಜುಗರ, ಕೆಲವರಿಗೆ ಅನುಕೂಲ.

ಇದರ ತೊಂದರೆ ಆತುರಗಾರರದ್ದು. ತಂದ ದಿನವೇ ಮೂತಿಗೆ ಸಿಕ್ಕಿಸಿ ಬೀದಿಗಿಳಿದರೆ ನಾಯಿ ನೆಲಕ್ಕೆ ಮೂತಿ ಉಜ್ಜುತ್ತದೆ, ಪಂಜದಿಂದ ಕಿತ್ತುಹಾಕಲು ಒದ್ದಾಡುತ್ತದೆ. ಮೊದಲು ಪಟ್ಟಿಯ ಕುಣಿಕೆಯನ್ನು ಕೈಯಲ್ಲಿ ಹಿಡಿದು, ಅದರಾಚೆ ತಿಂಡಿ ಇಟ್ಟು, ನಾಯಿ ತಾನೇ ಮೂತಿ ತೂರಿಸುವಂತೆ ಮಾಡಬೇಕು. ಹಾಗೆ ಎರಡು ಮೂರು ದಿನ. ಆಮೇಲೆ ಬಕಲ್ ಹಾಕಿ ಕೂಡಲೇ ಬಿಚ್ಚುವುದು, ನಂತರ ಊಟದ ಹೊತ್ತಿನಲ್ಲಿ ಹಾಕಿರುವುದು, ಬಳಿಕ ಮನೆಯೊಳಗೆ ನಡೆಸುವುದು, ಕಡೆಗೆ ಬೀದಿ. ಒಂದೆರಡು ವಾರ ಹಿಡಿಯುತ್ತದೆ. ಇದನ್ನು ಹಾಕಿದ ಮೇಲೆ ಲೀಶನ್ನು ಜಗ್ಗುವಂತಿಲ್ಲ, ಉದ್ದನೆಯ ಹಗ್ಗ ಕಟ್ಟುವಂತಿಲ್ಲ. ಓಡಿ ಬಂದ ನಾಯಿಯ ತಲೆ ಒಮ್ಮೆಗೇ ತಿರುಚಿದರೆ ಕತ್ತಿನ ಮೂಳೆಗೆ ಪೆಟ್ಟು. ಮೂತಿ ಚಪ್ಪಟೆಯಾದ ಬಾಕ್ಸರ್, ಬುಲ್‌ಮಾಸ್ಟಿಫ್‌ಗಳಿಗೆ ಪಟ್ಟಿ ಕಣ್ಣಿನತ್ತ ಏರುವುದರಿಂದ ಎದೆಬಳೆಯ ಹಾರ್ನೆಸೇ ಸರಿ.

ಲೀಶ್, ಕಾಲು, ಕಾನೂನು

ಎರಡೂ ತುದಿಗೆ ಕೊಕ್ಕೆಯಿರುವ ಲೀಶ್ ತಂದರೆ ಒಂದನ್ನು ಎದೆಯ ಬಳೆಗೆ, ಇನ್ನೊಂದನ್ನು ಬೆನ್ನಿನ ಬಳೆಗೋ ಕತ್ತಿನ ಬೆಲ್ಟಿಗೋ ಸಿಕ್ಕಿಸಬಹುದು. ಒಂದು ಕಡೆಯ ಬಕಲ್ ಕೈಕೊಟ್ಟರೂ ನಾಯಿ ರಸ್ತೆಗೆ ಹಾರುವುದಿಲ್ಲ. ಉದ್ದ ಆರು ಅಡಿ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಸ್ಪ್ರಿಂಗ್ ಲೀಶ್ ಎಳೆಯುವ ನಾಯಿಗೆ ಒಗ್ಗುವುದಿಲ್ಲ. ಅದರ ದಾರ ಸದಾ ಬಿಗಿಯಾಗಿರುತ್ತದೆ, ಎಳೆದಷ್ಟೂ ಬಿಚ್ಚಿಕೊಳ್ಳುತ್ತದೆ, ಅಂದರೆ ಎಳೆಯುವುದನ್ನೇ ಕಲಿಸುತ್ತದೆ. ಕಬ್ಬಿಣದ ಚೈನಿನ ಲೀಶ್ ಅಂಗೈ ಕುಯ್ಯುತ್ತದೆ.

ಯಾವ ಉಪಕರಣವೂ ತಾನಾಗಿ ಕಲಿಸುವುದಿಲ್ಲ, ಕಲಿಸುವವರಿಗೆ ಸಮಯ ಕೊಡುತ್ತದೆ ಅಷ್ಟೆ. ಲೀಶ್ ಬಿಗಿಯಾದ ಕ್ಷಣ ನಿಲ್ಲುವುದು, ನಾಯಿ ತಿರುಗಿ ನೋಡಿ ಲೀಶ್ ಸಡಿಲವಾದಾಗ ಹೊರಡುವುದು, ಕಾಲ ಪಕ್ಕ ನಡೆದಷ್ಟು ಹೊತ್ತು ಕೆಲವು ಹೆಜ್ಜೆಗೊಮ್ಮೆ ಅದರ ದಿನದ ಊಟದಿಂದಲೇ ತೆಗೆದಿಟ್ಟ ತುಣುಕು ಕೊಡುವುದು. ಕಂಬ ಮೂಸುವುದೂ ಬಹುಮಾನವೇ, ಎಳೆಯದೆ ಬಂದರೆ ಮೂಸಲು ಬಿಡಬೇಕು. ಮೊದಲ ವಾರ ಮನೆಯಿಂದ ಮೂಲೆಯಂಗಡಿಯವರೆಗೆ ಹೋಗಲು ಕಾಲು ಗಂಟೆ ಹಿಡಿದರೂ ಅಡ್ಡಿಯಿಲ್ಲ. ಕಷ್ಟವಾಗುವುದು ಮನೆಮಂದಿಯ ವಿಷಯದಲ್ಲಿ. ಬೆಳಿಗ್ಗೆ ಅಮ್ಮ ನಿಂತು ನಿಂತು ಕಲಿಸಿದ್ದನ್ನು ಸಂಜೆ ಮಗ ಓಡಿಸಿಕೊಂಡು ಹೋಗಿ ಅಳಿಸಿಹಾಕಿದರೆ ನಾಯಿ ಕಲಿಯುವುದಾದರೂ ಏನನ್ನು? ಅಮೆರಿಕದ ಪಶುವೈದ್ಯರ ಪ್ರಾಣಿವರ್ತನಾ ಸಂಘ 2021ರ ತನ್ನ ನಿಲುವಿನಲ್ಲಿ ಎಲ್ಲ ನಾಯಿಗಳಿಗೂ, ಆಕ್ರಮಣಶೀಲ ನಾಯಿಗಳಿಗೂ, ಬಹುಮಾನ ಆಧಾರಿತ ಕಲಿಕೆಯನ್ನೇ ಶಿಫಾರಸು ಮಾಡಿದೆ. ತರಬೇತುದಾರರನ್ನು ಗೊತ್ತುಮಾಡುವಾಗ "ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಿ?" ಎಂದು ಕೇಳಿದರೆ ಬರುವ ಉತ್ತರದಲ್ಲೇ ಅವರ ಪದ್ಧತಿ ತಿಳಿಯುತ್ತದೆ.

ನಮ್ಮ ಬೀದಿಗಳಲ್ಲಿ ವಿದೇಶಿ ಪುಸ್ತಕಗಳು ಹೇಳದ ಒಂದು ಸಂಗತಿ ಇದೆ, ಬೀದಿನಾಯಿಗಳು. ಪ್ರತಿ ತಿರುವಿನಲ್ಲೂ ಒಂದು ಗುಂಪು, ಅದರದ್ದೇ ಎಲ್ಲೆ. ಲೀಶನ್ನು ಬಿಗಿಹಿಡಿದು ನಡುವೆ ನುಗ್ಗಿದರೆ ಸಾಕಿದ ನಾಯಿಯ ಮೈ ಸೆಟೆದು, ಎರಡೂ ಕಡೆ ಕೋಪ ಏರುತ್ತದೆ. ದೂರದಿಂದಲೇ ರಸ್ತೆಯ ಆಚೆ ಬದಿಗೆ ದಾಟುವುದು, ಬಾಗಿದ ದಾರಿಯಲ್ಲಿ ಸುತ್ತಿ ಹೋಗುವುದು, ಗುಂಪು ಮಲಗಿರುವ ಹೊತ್ತನ್ನು ನೋಡಿಕೊಳ್ಳುವುದು ಕೆಲಸಕ್ಕೆ ಬರುತ್ತದೆ.

ದೊಡ್ಡ ತಳಿಗಳ ಮೇಲೆ ಸರ್ಕಾರದ ಕಣ್ಣೂ ಇದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿಮಾಡಿ ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಆದರೆ ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇತ್ತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದನ್ನು ಅಪರಾಧ ಎನ್ನುತ್ತದೆ.

ಕೊಂಡ ಮೇಲೂ ಉಪಕರಣದ ಮೇಲೊಂದು ಕಣ್ಣಿರಬೇಕು. ಹೊಲಿಗೆ ಬಿಟ್ಟಿದೆಯೇ, ಪ್ಲಾಸ್ಟಿಕ್ ಬಕಲ್ ಬಿರಿದಿದೆಯೇ, ಕೊಕ್ಕೆಯ ಸ್ಪ್ರಿಂಗ್ ತುಕ್ಕು ಹಿಡಿದಿದೆಯೇ ಎಂದು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು. ದೊಡ್ಡ ತಳಿಯ ಮರಿಗಳಂತೂ ನೋಡನೋಡುತ್ತಲೇ ಬೆಳೆಯುತ್ತವೆ. ನಾಲ್ಕನೇ ತಿಂಗಳಲ್ಲಿ ಹಾಕಿದ ಬೆಲ್ಟನ್ನು ಏಳನೇ ತಿಂಗಳವರೆಗೂ ಹಾಗೇ ಬಿಟ್ಟರೆ, ಉದ್ದ ಕೂದಲಿನಡಿ ಯಾರಿಗೂ ಕಾಣದೆ ಅದು ಚರ್ಮಕ್ಕೆ ಇಳಿದಿರುತ್ತದೆ. ಒಂದು ವರ್ಷ ತುಂಬುವವರೆಗೆ ತಿಂಗಳ ಮೊದಲ ದಿನ ಟೇಪು ಹಿಡಿದು ಕತ್ತು, ಎದೆ ಎರಡನ್ನೂ ಅಳೆದು ಬರೆದಿಟ್ಟರೆ, ಮುಂದಿನ ಬೆಲ್ಟು ಕೊಳ್ಳಲು ಅಂಗಡಿಗೆ ಹೋದಾಗ ಆ ಚೀಟಿಯೂ ಕೆಲಸಕ್ಕೆ ಬರುತ್ತದೆ.